ಮುಂದಿನ ಗಾಲಿ

ಗೆರ್ನೋಟ್ ಸೈಕಲ್ಲಿನ ಮುಂದಿನ ಗಾಲಿಯನ್ನು ಎರಡು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದ. ಉಳಿದ ಸೈಕಲ್ಲು ರೈಲಿನ ಮುಂಭಾಗದಲ್ಲಿತ್ತು. ತಿರುವಿನಲ್ಲಿ ರೈಲು ಅಲುಗಿದಾಗಲೆಲ್ಲ ಗಾಲಿ ತನ್ನಷ್ಟಕ್ಕೆ ಕಾಲು ಸುತ್ತು ತಿರುಗುತ್ತಿತ್ತು. ಯಾವುದಾದರೊಂದು ಕಡ್ಡಿ ಅವನ ಕೋಟಿನ ಗುಂಡಿಗೆ ತಾಗಿ, ಸಣ್ಣಗೆ ಸದ್ದು ಮಾಡಿ ನಿಲ್ಲುತ್ತಿತ್ತು. ಎದುರು ಕೂತ ಹೆಂಗಸು ತೊಡೆಯ ಮೇಲೆ ಜೆರೇನಿಯಂ ಸಸಿಗಳ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡಿದ್ದಳು. ಮೂರು ಸಲ ಗಾಲಿಯನ್ನು ನೋಡಿದಳು. ನಾಲ್ಕನೆಯ ಸಲ ತನ್ನ ತಿಳಿಬಣ್ಣದ ಷೂಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡಳು. “ಗ್ರೀಸ್ ಇಲ್ಲ, ಒರೆಸಿದೀನಿ,” ಎಂದ ಗೆರ್ನೋಟ್. “ನಾನೇನೂ ಅನ್ನಲಿಲ್ವಲ್ಲ,” ಎಂದಳು ಅವಳು. ಅಷ್ಟಕ್ಕೇ ಅವನ ಕಿವಿ ಬಿಸಿಯಾಯಿತು. ಐವತ್ತೆರಡು ವರ್ಷದವನು, ಊರಿನ ನೀರು ಸರಬರಾಜು ಕಚೇರಿಯ ಕಿಟಕಿಯಲ್ಲಿ ಕೂತು ದಿನವಿಡೀ ಜನರ ದೂರು ಕೇಳಿಸಿಕೊಳ್ಳುವವನು, ಯಾರೂ ದೂರದೇ ಇದ್ದಾಗಲೂ ಉತ್ತರ ಕೊಡುವುದು ರೂಢಿಯಾಗಿಬಿಟ್ಟಿದೆ ಅಂದುಕೊಂಡ. ಗಾಲಿ ಬಿಚ್ಚಿ ಹತ್ತಿರ ಇಟ್ಟುಕೊಳ್ಳುವುದನ್ನು ಹೇಳಿಕೊಟ್ಟವನು ತಮ್ಮ ಯೋಸ್ಟ್. ಅಗ್ಗದ ರೈಲುಗಳಲ್ಲಿ ಸೈಕಲ್ ಒಂದು ಕಡೆ, ತಾನು ಒಂದು ಕಡೆ ಕೂರಬೇಕಾದಾಗ ಅವನು ಮಾಡುತ್ತಿದ್ದ ಮೊದಲ ಕೆಲಸ ಅದೇ. “ಮೂರು ಕಾಲಿನ ಕುದುರೆನ ಯಾರು ಕದೀತಾರೆ, ದೊಡ್ಡವನೇ?” ಎನ್ನುತ್ತಿದ್ದ. ದೊಡ್ಡವನೇ ಎಂದು ಕರೆಯುವವರು ಈಗ ಭೂಮಿಯ ಮೇಲೆ ಯಾರೂ ಇರಲಿಲ್ಲ.

ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಲಿಂಡೆನಾವ್ ಸ್ಟೇಷನ್ನಿನಲ್ಲಿ ಸಿಲ್ಕೆ ಕಾಯುತ್ತಿರುತ್ತಾಳೆ. ಯೋಸ್ಟ್‌ನ ಹೆಂಡತಿ. ಅವಳ ಕೈಗೆ ಅವನ ಸೈಕಲ್ ಕೊಡಬೇಕು, ಕೊಟ್ಟಮೇಲೆ ಹೇಳಬೇಕು. ಹೇಳಬೇಕಾದ್ದು ಮೂರು ವಾಕ್ಯ. ನಿನ್ನೆ ಬೆಳಿಗ್ಗೆ ಆಲ್ಪ್ಸ್‌ನ ಕಣಿವೆಯ ಆ ಪೊಲೀಸ್ ಠಾಣೆಯ ಉಗ್ರಾಣದಿಂದ ಸೈಕಲ್ ಬಿಡಿಸಿಕೊಂಡಾಗಿನಿಂದ, ಎರಡು ದಿನ, ಏಳು ರೈಲು ಬದಲಿಸುತ್ತ ಅವನು ಆ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿದ್ದ. ಯೋಸ್ಟ್‌ಗೆ ಗುದ್ದಿದ ಲಾರಿಯ ಚಾಲಕನ ಮೇಲಿನ ಮೊಕದ್ದಮೆ ಮುಗಿಯುವ ತನಕ ಹನ್ನೆರಡು ತಿಂಗಳು ಸೈಕಲ್ಲು ಅಲ್ಲೇ ಬಿದ್ದಿತ್ತು. ಮುಗಿದ ಮೇಲೆ ಸಿಲ್ಕೆಗೆ ಕಾಗದ ಬಂತು, ಮೂವತ್ತು ದಿನದೊಳಗೆ ಒಯ್ಯದಿದ್ದರೆ ಗುಜರಿಗೆ ಹಾಕುತ್ತೇವೆ ಎಂದು. ಅವಳು ಫೋನ್ ಮಾಡಿ ಕಾಗದ ಓದಿದಳು. “ನಾನೇ ಹೋಗಿ ತರ್ತೀನಿ,” ಎಂದ ಗೆರ್ನೋಟ್, ಎಷ್ಟು ಬೇಗ ಎಂದರೆ ಅವಳ ಮಾತು ಇನ್ನೂ ಮುಗಿದಿತ್ತೋ ಇಲ್ಲವೋ. “ತಾ. ನಾನದನ್ನ ಓಡಿಸ್ಬೇಕು. ಸ್ಟೇಷನ್ನಿಂದ ಮನೆಗೆ ಅದರ ಮೇಲೇ ಹೋಗ್ತೀನಿ,” ಎಂದಳು. ಆಮೇಲೆ, “ಬಂದ್ಮೇಲೆ ಕೂತು ಮಾತಾಡೋಣ, ಗೆರ್ನೋಟ್. ನಿಂಗೆ ಏನಾದ್ರೂ ಹೇಳೋದಿದ್ರೆ.” ನಿಂಗೆ ಏನಾದ್ರೂ ಹೇಳೋದಿದ್ರೆ. ಆ ಮಾತನ್ನು ಅವನು ಒಂದು ತಿಂಗಳಿನಿಂದ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ. ಅದರಲ್ಲಿ ಕೊಕ್ಕೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಅಪಘಾತದಲ್ಲಿ ಸೈಕಲ್ಲಿನ ಮುಂದಿನ ಗಾಲಿ ಮಡಚಿಹೋಗಿತ್ತು. ಹಾಗೆಂದು ಕಾಗದದಲ್ಲೇ ಬರೆದಿದ್ದರು. ಬೇರೆ ಕೊಂಡು ಹಾಕಿಸಬಹುದಿತ್ತು. ಗೆರ್ನೋಟ್ ರಿಮ್ಮು, ಕಡ್ಡಿಗಳನ್ನು ತಂದು ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ ಕೂತು, ತಾನೇ ಗಾಲಿ ಕಟ್ಟತೊಡಗಿದ. ಮೂವತ್ತಾರು ಕಡ್ಡಿ. ಒಂದನ್ನು ಬಿಗಿದರೆ ಇನ್ನೊಂದು ಕಡೆ ಬೆಂಡು ಬರುತ್ತಿತ್ತು. ಅಲ್ಲಿ ಸಡಿಲಿಸಿದರೆ ಮತ್ತೆಲ್ಲೋ ಉಬ್ಬುತ್ತಿತ್ತು. ನಾಲ್ಕು ವಾರವಾದ ಮೇಲೂ ಗಾಲಿ ತಿರುಗಿಸಿ ಬೆರಳು ಹಿಡಿದರೆ ಒಂದು ಜಾಗದಲ್ಲಿ ಮಾತ್ರ ಬೆರಳಿಗೆ ತಾಗಿಯೇ ತಾಗುತ್ತಿತ್ತು. ಪ್ರತಿ ಸುತ್ತಿಗೂ, ಅದೇ ಜಾಗ. ಠಾಣೆಯ ಅಂಗಳದಲ್ಲಿ ಗಾಲಿ ಜೋಡಿಸಿದಾಗ ಕಾವಲಿನ ಪೊಲೀಸಿನವನು ಬಾಗಿ ನೋಡಿ, “ಯಾವ ಅಂಗಡಿಯವನು ಮಾಡ್ಕೊಟ್ಟ? ದುಡ್ಡು ವಾಪಸ್ ಕೇಳಿ,” ಎಂದಿದ್ದ. ಗೆರ್ನೋಟ್ ನಕ್ಕು, ಕೇಳ್ತೀನಿ ಎಂದಿದ್ದ. ಸೈಕಲ್ಲನ್ನು ಹತ್ತಿ ಓಡಿಸಲು ಅವನಿಂದ ಆಗಲಿಲ್ಲ. ಸ್ಟೇಷನ್ನಿನವರೆಗೆ ನಾಲ್ಕು ಕಿಲೋಮೀಟರ್ ತಳ್ಳಿಕೊಂಡೇ ನಡೆದ. ಆ ದಾರಿಯಲ್ಲೊಂದು ಸುರಂಗವಿತ್ತು. ಅವನು ಸುರಂಗ ತಪ್ಪಿಸಿ ಹೊಳೆಯ ಪಕ್ಕದ ಕಾಲುದಾರಿ ಹಿಡಿದ.

ಇವತ್ತು ಮ್ಯೂನಿಕ್‌ನಲ್ಲಿ ಹತ್ತುವಾಗ ಅವನು ಸೈಕಲ್ಲಿನ ಜೊತೆಗೇ ಮುಂಭಾಗದಲ್ಲಿ ಕೂತಿದ್ದ. ಸೈಕಲ್ ಇಡುವ ಜಾಗದ ಮಡಚು ಸೀಟುಗಳನ್ನೆಲ್ಲ ಪಿಂಚಣಿದಾರರ ಒಂದು ಗುಂಪು ಹಿಡಿದುಕೊಂಡಿತ್ತು. ಎಲ್ಲರದೂ ಬ್ಯಾಟರಿ ಸೈಕಲ್ಲು, ಎಲ್ಲರ ತಲೆಯಲ್ಲೂ ಒಂದೇ ಹಳದಿ ಟೋಪಿ. ಅವನು ಗಾಲಿ ಬಿಚ್ಚಿ, ಸೈಕಲ್ಲನ್ನು ಗೋಡೆಗೆ ಒರಗಿಸಿ ಪಟ್ಟಿ ಬಿಗಿಯುವಷ್ಟರಲ್ಲಿ ಅವರಲ್ಲೊಬ್ಬ, ಕೆಂಪು ಮೂಗಿನವನು, ಬಿಯರ್ ಬಾಟಲಿಯಲ್ಲೇ ಬೊಟ್ಟುಮಾಡಿ, “ಯಜಮಾನ್ರೇ, ಹ್ಯಾಂಡಲ್ ಸೊಟ್ಟಗಿದ್ಯಲ್ಲ! ಹಸುಗೆ ಗುದ್ದಿದ್ರಾ?” ಎಂದ. “ಹಸು ಏನಾಯ್ತು ಅಂತ ಕೇಳು ಮೊದ್ಲು,” ಎಂದಳು ಪಕ್ಕದ ಮುದುಕಿ. ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ. ಕೂಡ್ರಿ, ಒಂದು ಬಾಟಲಿ ತಗೊಳ್ಳಿ ಎಂದರು. ಗೆರ್ನೋಟ್‌ಗೆ ಅವರೊಂದಿಗೆ ನಗಬೇಕೆನ್ನಿಸಿತು. ನಕ್ಕ. “ಹಸು ಚೆನ್ನಾಗಿದೆ,” ಎಂದೂಬಿಟ್ಟ. ಆ ಮಾತು ಬಾಯಿಂದ ಹೊರಬಿದ್ದದ್ದೇ ಹ್ಯಾಂಡಲಿನ ಕಡೆ ತಿರುಗಿದ. ಆ ಹ್ಯಾಂಡಲಿನ ಮೇಲೆ ಯೋಸ್ಟ್‌ನ ಕೈಗಳಿದ್ದವು. ಮುಂದಿನ ನಿಲ್ದಾಣದಲ್ಲಿ ಗಾಲಿ ಮಾತ್ರ ಎತ್ತಿಕೊಂಡು ಕೆಳಗಿಳಿದು, ಪ್ಲಾಟ್‌ಫಾರಂ ಉದ್ದಕ್ಕೆ ಓಡುನಡಿಗೆಯಲ್ಲಿ ಬಂದು ಹಿಂಭಾಗಕ್ಕೆ ಹತ್ತಿದ. ಎರಡು ಪುಟ್ಟ ರೈಲುಗಳನ್ನು ಒಂದರ ಬೆನ್ನಿಗೊಂದು ಜೋಡಿಸಿ ಓಡಿಸುವ ರೈಲು ಅದು. ಒಳಗಿನಿಂದ ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಸ್ಟೈನ್‌ಫೆಲ್ಡ್‌ನಲ್ಲಿ ಅದನ್ನು ಬಿಡಿಸುತ್ತಾರೆ. ಮುಂದಿನದು ಲಿಂಡೆನಾವ್‌ಗೆ, ಹಿಂದಿನದು ಮೂರ್‌ಬಾಖ್‌ಗೆ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಹೊತ್ತು ಇಲ್ಲಿ ಕೂತು, ಉಸಿರು ಸರಿಹೋದ ಮೇಲೆ, ಸ್ಟೈನ್‌ಫೆಲ್ಡ್‌ಗೆ ಮುಂಚೆ ಯಾವುದಾದರೂ ನಿಲ್ದಾಣದಲ್ಲಿ ಮತ್ತೆ ಮುಂದಕ್ಕೆ ಹೋದರಾಯಿತು ಎಂದು ಅವನು ಯೋಚಿಸಿದ್ದ.

“ಗಾಲಿಗೂ ಟಿಕೆಟ್ ಇದೆಯಾ?” ಟಿಸಿ ಹೆಂಗಸು ತಮಾಷೆಗೆ ಕೇಳಿದಳು. ದಪ್ಪ ಕನ್ನಡಕ, ಕಿವಿಯ ಹಿಂದೆ ಪೆನ್ನು. ಗೆರ್ನೋಟ್ ಜೇಬಿನಿಂದ ಟಿಕೆಟ್ ತೆಗೆದುಕೊಟ್ಟ. ಅವಳು ಅದನ್ನು ದೂರ ಹಿಡಿದು ಓದಿ, “ಇದು ಜೋಡಿ ಟಿಕೆಟ್ಟು. ಇಬ್ರದ್ದು. ಹೆಸರು ಒಂದೇ ಬರ್ದಿದೀರಿ,” ಎಂದಳು. ಅವನು ಟಿಕೆಟ್ಟನ್ನು ನೋಡಿದ. ನಿಜ. ಬೆಳಿಗ್ಗೆ ಯಂತ್ರದ ಮುಂದೆ ನಿಂತಾಗ ಬೆರಳು ತಾನಾಗಿಯೇ ಎರಡು ಎಂಬಲ್ಲಿ ಒತ್ತಿತ್ತು. ಕಳೆದ ವರ್ಷ ಮೂರು ವಾರ, ಬೋರ್ಡೋದಿಂದ ಜಿನೋವಾ, ಅಲ್ಲಿಂದ ತ್ರಿಯೆಸ್ತೆ, ಅಲ್ಲಿಂದ ಮೇಲೆ, ಎಲ್ಲ ಕಡೆಯೂ ಟಿಕೆಟ್ ತೆಗೆಯುತ್ತಿದ್ದವನು ಅವನೇ. ವೇಗದ ರೈಲುಗಳಲ್ಲಿ ಸೈಕಲ್ಲಿಗೆ ಮೊದಲೇ ಜಾಗ ಕಾದಿರಿಸಬೇಕು, ದುಬಾರಿ. ಆದ್ದರಿಂದ ಊರೂರಿಗೆ ನಿಲ್ಲುವ ರೈಲುಗಳು, ದಿನದ ಟಿಕೆಟ್ಟುಗಳು, ಎಲ್ಲಿ ಸಾಧ್ಯವೋ ಅಲ್ಲಿ ಇಬ್ಬರಿಗೂ ಸೇರಿ ಒಂದೇ ಚೀಟಿ. ಟಿಕೆಟ್ಟು, ಖರ್ಚಿನ ಪರ್ಸು, ರೊಟ್ಟಿಯ ಚೀಲ ದೊಡ್ಡವನ ಬಳಿ; ನಕ್ಷೆ, ಪಂಪು, ಹಾಡು ಚಿಕ್ಕವನ ಬಳಿ. “ಎರಡನೆಯವ್ರು ಎಲ್ಲಿ?” ಎಂದಳು ಟಿಸಿ. ಯಾರೂ ಇಲ್ಲ, ತಪ್ಪಿ ತೆಗೆದೆ ಎಂದರೆ ಮುಗಿಯುತ್ತಿತ್ತು. ಜೆರೇನಿಯಂ ಹೆಂಗಸು ಅವನನ್ನೇ ನೋಡುತ್ತಿದ್ದಳು. ಒಬ್ಬನೇ ಮನುಷ್ಯ, ಇಬ್ಬರ ಟಿಕೆಟ್ಟು, ಒಂದು ಗಾಲಿ. “ಮುಂದಿನ ಭಾಗದಲ್ಲಿದಾನೆ,” ಎಂದ ಗೆರ್ನೋಟ್. “ಸೈಕಲ್ ಹತ್ರ.”

“ಹಂಗಾದ್ರೆ ಅವರ ಹೆಸರೂ ಬರೀಬೇಕು. ನಿಯಮ,” ಎಂದು ಅವಳು ಕಿವಿಯ ಹಿಂದಿನ ಪೆನ್ನು ತೆಗೆದುಕೊಟ್ಟಳು. ಗೆರ್ನೋಟ್ ಗಾಲಿಯ ರಿಮ್ಮಿನ ಮೇಲೆ ಟಿಕೆಟ್ಟನ್ನು ಒತ್ತಿ ಹಿಡಿದು, ಎರಡನೆಯ ಗೆರೆಯಲ್ಲಿ ಯೋಸ್ಟ್ ಎಂದು ಬರೆದ. ಗಾಲಿ ತಿರುಗಿ ಕೊನೆಯ ಅಕ್ಷರ ಕೆಳಕ್ಕೆ ಜಾರಿತು. ಕಳೆದ ವರ್ಷದ ಟಿಕೆಟ್ಟಿನ ಮೇಲೂ ಈ ಹೆಸರನ್ನು ಬರೆದದ್ದು ಅವನ ಕೈಯೇ. ಆ ಟಿಕೆಟ್ಟು ಈಗಲೂ ಮನೆಯಲ್ಲಿ, ನೀರಿನ ಮೀಟರುಗಳ ಹಳೆಯ ಕೈಪಿಡಿಯೊಂದರ ಹಾಳೆಗಳ ನಡುವೆ ಇತ್ತು. ಟಿಸಿ ಟಿಕೆಟ್ಟಿಗೆ ತೂತು ಹಾಕಿ ವಾಪಸು ಕೊಡುತ್ತ, “ಸ್ಟೈನ್‌ಫೆಲ್ಡ್‌ನಲ್ಲಿ ರೈಲು ಎರಡಾಗುತ್ತೆ, ಗೊತ್ತಲ್ಲ? ಅದಕ್ಕೆ ಮುಂಚೆ ನೀವು ಅವ್ರಿರೋ ಕಡೆಗೆ ಹೋಗ್ಬಿಡಿ. ಟಿಕೆಟ್ ನಿಮ್ಮ ಹತ್ರ ಇದೆ. ಅಲ್ಲಿ ನಮ್ಮ ಇನ್ನೊಬ್ಬ ಹತ್ತಿ ಕೇಳಿದ್ರೆ ಪಾಪ, ಅವರು ಸಿಕ್ಕಿಹಾಕ್ಕೋತಾರೆ,” ಎಂದಳು. ಒಳ್ಳೆಯ ಹೆಂಗಸು. ಹೋಗುತ್ತ ಗಾಲಿಯ ಟೈರನ್ನು ಬೆರಳಿನಿಂದ ಒತ್ತಿ ನೋಡಿ, ಗಾಳಿ ಸರಿಯಿದೆ ಎಂಬಂತೆ ತಲೆಯಾಡಿಸಿದಳು.

ಗೆರ್ನೋಟ್ ಹೊರಗೆ ನೋಡಿದ. ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯ ಕಂಬಗಳು ಸಾಲುಸಾಲಾಗಿ ಬಂದು, ಒಂದು ಕ್ಷಣ ಎಲ್ಲ ನೇರವಾಗಿ, ಮತ್ತೆ ಕಲಸಿಹೋಗುತ್ತಿದ್ದವು. ಅವತ್ತೂ ಹೀಗೇ ಬಿಸಿಲಿತ್ತು. ಕಣಿವೆಯ ಆ ಸಣ್ಣ ಸ್ಟೇಷನ್ನಿನಲ್ಲಿ ಎರಡೇ ಬೋಗಿಯ ರೈಲು ಬಂದು ನಿಂತಾಗ ಒಳಗೆ ಆಗಲೇ ಐದಾರು ಸೈಕಲ್ಲುಗಳಿದ್ದವು. ಗೆರ್ನೋಟ್ ಮುಂದಿದ್ದ. ಅವನ ಸೈಕಲ್ಲಿನ ಮುಂದಿನ ಗಾಲಿ ಆಗಲೇ ಮೆಟ್ಟಿಲ ಮೇಲಿತ್ತು. ರೈಲಿನವನು ಕೈ ಅಡ್ಡ ಹಿಡಿದು, “ಒಂದೇ. ಒಂದಕ್ಕೇ ಜಾಗ. ಯಾರು?” ಎಂದ. ಯಾರು ಎಂದು ಅವನು ಕೇಳಿದ. ಹದಿಮೂರು ತಿಂಗಳಿನಿಂದ ಗೆರ್ನೋಟ್ ಆ ಪ್ರಶ್ನೆಯ ಹಿಂದೆಯೇ ಸುತ್ತುತ್ತಿದ್ದ. ಯಾಕೆಂದರೆ ಯಾರೂ ಉತ್ತರ ಕೊಡಲಿಲ್ಲ. ಯೋಸ್ಟ್ ಹಿಂದೆ ಬಗ್ಗಿ ಚೀಲದ ಪಟ್ಟಿ ಬಿಗಿಯುತ್ತಿದ್ದ. ಗೆರ್ನೋಟ್ ಬಾಯಿ ಬಿಡಲಿಲ್ಲ, ತಿರುಗಿ ನೋಡಲಿಲ್ಲ. ತನ್ನ ಸೈಕಲ್ಲನ್ನು ಒಳಗೆ ಎಳೆದುಕೊಂಡ, ಅಷ್ಟೆ. ಸೋಮವಾರ ಎಂಟಕ್ಕೆ ಕಚೇರಿ ಎಂಬುದೊಂದೇ ತಲೆಯಲ್ಲಿತ್ತು. ಈ ರೈಲು ತಪ್ಪಿದರೆ ಮುಂದಿನ ಮೂರೂ ರೈಲುಗಳು ತಪ್ಪುತ್ತವೆ, ದಿನದ ಟಿಕೆಟ್ಟು ಸತ್ತುಹೋಗುತ್ತದೆ. ಆಗ ಯೋಸ್ಟ್ ತಲೆಯೆತ್ತಿದ. “ದೊಡ್ಡವನೇ, ಟಿಕೆಟ್ಟು—” ಎಂದ. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಅವನು ತನ್ನ ಎದೆಯ ಜೇಬನ್ನು ತಟ್ಟಿ ತೋರಿಸುತ್ತಿದ್ದ. ಗೆರ್ನೋಟ್‌ನ ಕೈ ತನ್ನ ಎದೆಯ ಜೇಬಿಗೆ ಹೋಯಿತು. ಟಿಕೆಟ್ಟು ಅಲ್ಲಿತ್ತು. ಬಾಗಿಲಿನ ಪಕ್ಕದ ಗುಂಡಿ ಇನ್ನೂ ಹಸಿರಾಗಿ ಉರಿಯುತ್ತಿತ್ತು. ಒತ್ತಿದ್ದರೆ ತೆರೆಯುತ್ತಿತ್ತು. ಎರಡು ಸೆಕೆಂಡ್, ಇಲ್ಲ, ಮೂರು. ಅವನು ಆ ಹಸಿರನ್ನು ನೋಡುತ್ತ ನಿಂತಿದ್ದ. ಅದು ಆರಿಹೋಯಿತು. ಆರಿದಾಗ ಅವನಿಗೆ ಆದದ್ದು, ಯಾರಿಗೂ ಹೇಳಲಾಗದ್ದು, ಒಂದು ಬಗೆಯ ನಿರಾಳ.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮುಂದಿನ ಸ್ಟೇಷನ್ನು ಹನ್ನೆರಡು ನಿಮಿಷದ ಹಾದಿ. ಅಲ್ಲಿ ಇಳಿಯಬಹುದಿತ್ತು, ಇಳಿಯಲಿಲ್ಲ. ದೊಡ್ಡ ಜಂಕ್ಷನ್ನಿನಲ್ಲಿ ಕಾದರೆ ಸರಿ, ಅವನು ಹೇಗೋ ಬರುತ್ತಾನೆ, ಅವನಿಗೆ ಇಂಥದ್ದೆಲ್ಲ ಇಷ್ಟವೇ. ಜಂಕ್ಷನ್ನಿನ ಬೆಂಚಿನ ಮೇಲೆ ಕೂತು ರೊಟ್ಟಿಯ ಚೀಲ ಬಿಚ್ಚಿದ. ತನ್ನ ಪಾಲಿನ ಚೀಸ್ ರೊಟ್ಟಿ ತಿಂದ. ಸ್ವಲ್ಪ ಹೊತ್ತು ಕಾದು, ಬಿಸಿಲಿಗೆ ಚೀಸ್ ಕೆಟ್ಟುಹೋಗುತ್ತದೆಂದು, ಯೋಸ್ಟ್‌ನ ಪಾಲಿನದ್ದನ್ನೂ ತಿಂದ. ಲಾರಿ ಗುದ್ದಿದ್ದು ಅದೇ ಹೊತ್ತಿಗೆ ಎಂದು ಆಮೇಲೆ ಕಾಗದಪತ್ರ ಹೇಳಿತು. ಹದಿನೈದು ನಿಮಿಷ ಅತ್ತಿತ್ತ. ಸುರಂಗದೊಳಗೆ, ಹಿಂದಿನಿಂದ. ಜೇಬಿನಲ್ಲಿ ಟಿಕೆಟ್ಟಿಗಾಗುವಷ್ಟು ಚಿಲ್ಲರೆಯಿಲ್ಲದೆ ಮನುಷ್ಯ ಮೂವತ್ತೆಂಟು ಕಿಲೋಮೀಟರ್ ದೂರದ ಜಂಕ್ಷನ್ನಿಗೆ ಸೈಕಲ್ ತುಳಿಯುತ್ತಿದ್ದ. ಅವನ ಅಣ್ಣ ಬಾಯಿ ಒರೆಸಿಕೊಂಡು ಬ್ರೆಡ್ಡಿನ ಚೂರುಗಳನ್ನು ಪಾರಿವಾಳಗಳಿಗೆ ಒದರುತ್ತಿದ್ದ.

ಸಾವಿನ ಮನೆಯಲ್ಲಿ ಸಿಲ್ಕೆ ಕೇಳಿದ್ದು ಒಂದೇ ಪ್ರಶ್ನೆ. “ನೀವಿಬ್ರೂ ಯಾಕೆ ಒಟ್ಟಿಗಿರ್ಲಿಲ್ಲ?” ಅಡುಗೆಮನೆಯಲ್ಲಿ ಅವಳ ಅಕ್ಕ, ನೆರೆಯವರು, ಪಾದ್ರಿ, ಎಲ್ಲರೂ ಇದ್ದರು. ಗೆರ್ನೋಟ್ ಬಾಯಿಂದ ಅದು ಸಲೀಸಾಗಿ ಬಂತು: “ಅವನೇ ಅಂದ, ನೀನು ಹೋಗು ದೊಡ್ಡವನೇ, ನಂಗೆ ಸೈಕಲ್ ಇದೆ, ರಸ್ತೇಲಿ ಬರ್ತೀನಿ ಅಂತ. ನಗ್ತಾ ಇದ್ದ.” ಸಿಲ್ಕೆಯ ಅಕ್ಕ ಅಳುತ್ತಲೇ ನಕ್ಕಳು, “ಅವನೇ ಸರಿ. ಅಪ್ಪಟ ಯೋಸ್ಟ್.” ಜನಕ್ಕೆ ಆ ಮಾತು ಎಷ್ಟು ಹಿಡಿಸಿತೆಂದರೆ ಅದು ಮನೆಯಿಂದ ಮನೆಗೆ ಹೋಯಿತು. ಇಗರ್ಜಿಯಲ್ಲಿ ಪಾದ್ರಿ ಅದನ್ನೇ ಹಿಡಿದು ಮಾತಾಡಿದರು: ನಮಗೆಲ್ಲ ಬೇಗ ಸೇರುವ ಅವಸರ, ನಮ್ಮ ಯೋಸ್ಟ್ ರಸ್ತೆಯನ್ನೇ ಆರಿಸಿಕೊಂಡ. ಗೆರ್ನೋಟ್ ಮೊದಲ ಸಾಲಿನಲ್ಲಿ ಕೂತು, ತನ್ನ ಸುಳ್ಳು ಅಷ್ಟೆತ್ತರದ ಛಾವಣಿಯ ಕೆಳಗೆ ಚೆಂದವಾಗಿ ಅನುರಣಿಸುವುದನ್ನು ಕೇಳಿಸಿಕೊಂಡ. ಪಕ್ಕದಲ್ಲಿ ಸಿಲ್ಕೆ ಅಳಲಿಲ್ಲ. ತನ್ನ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ನೇರ ಮಾಡುತ್ತಿದ್ದಳು. ಅಲ್ಲಿಂದೀಚೆಗೆ ಅವಳು ಆ ಪ್ರಶ್ನೆಯನ್ನು ಮತ್ತೆ ಕೇಳಿರಲಿಲ್ಲ. ಹುಟ್ಟುಹಬ್ಬಕ್ಕೆ ಕರೆದಳು, ಕ್ರಿಸ್‌ಮಸ್ಸಿಗೆ ಕರೆದಳು; ತಟ್ಟೆಗೆ ಬಡಿಸಿ ಎದುರು ಕೂತು, ಅವನು ತಿನ್ನುವುದನ್ನು ನೋಡುತ್ತಿದ್ದಳು. ಅವನು ಬೇಗ ಬೇಗ ತಿಂದು ಬಸ್ಸಿಗೆ ಹೊತ್ತಾಯಿತೆನ್ನುತ್ತಿದ್ದ.

ರೈಲು ನಿಧಾನಿಸಿತು. ಸ್ಟೈನ್‌ಫೆಲ್ಡ್‌ಗೆ ಇನ್ನು ಮೂರು ನಿಲ್ದಾಣ. ಗೆರ್ನೋಟ್ ಗಾಲಿಯನ್ನು ತೋಳಿಗೆ ಸಿಕ್ಕಿಸಿ ಎದ್ದು ನಿಂತ. ಬಾಗಿಲ ಬಳಿ ಮಗುವಿನ ಗಾಡಿಯೊಂದನ್ನು ಹತ್ತಿಸುತ್ತಿದ್ದರು. ಅವರ ನಡುವೆ ನುಗ್ಗಿ ಗಾಲಿ ತಾಗಿಸುವುದು ಬೇಡ, ಮುಂದಿನ ಸ್ಟೇಷನ್ನಿನಲ್ಲಿ ಎಂದು ಕೂತ. ಮೂರು ವಾಕ್ಯ. ಸಿಲ್ಕೆ, ಅವನು ಹಾಗೆ ಹೇಳಲಿಲ್ಲ. ಸಿಲ್ಕೆ, ಟಿಕೆಟ್ಟು ನನ್ನ ಜೇಬಿನಲ್ಲಿತ್ತು, ನನಗದು ಗೊತ್ತಿತ್ತು. ಸಿಲ್ಕೆ, ಬಾಗಿಲು ತೆರೆಯಬಹುದಿತ್ತು. ನಿನ್ನೆಯೆಲ್ಲ ಇವು ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಈಗ ಬಾಯೊಳಗೆ ಹಾಕಿಕೊಂಡರೆ ನೆಂದ ರೊಟ್ಟಿಯ ಹಾಗೆ ಒಡೆಯುತ್ತಿದ್ದವು. ಅವಳು ಹೊಸ ಷೂ ಕೊಂಡಿದ್ದಾಳಂತೆ, ಸೈಕಲ್ ತುಳಿಯಲೆಂದೇ. ಪ್ಲಾಟ್‌ಫಾರಮ್ಮಿನಲ್ಲಿ ಆ ಷೂ ಹಾಕಿಕೊಂಡು ನಿಂತಿರುತ್ತಾಳೆ. ಗಾಲಿ ಜೋಡಿಸಿಕೊಡಬೇಕು. ಜೋಡಿಸುವಾಗ ಬಗ್ಗಿರುತ್ತೇನೆ, ಮುಖ ಕಾಣುವುದಿಲ್ಲ, ಆಗಲೇ ಹೇಳಿಬಿಡಬಹುದು. ಅಥವಾ ಅವಳು ಮನೆ ಮುಟ್ಟಿದ ಮೇಲೆ. ಅಥವಾ ಊಟದ ನಂತರ. ಎರಡನೆಯ ನಿಲ್ದಾಣ ಬಂತು. ಈ ಸಲ ಅವನು ಏಳಲೂ ಇಲ್ಲ. ಏಳುವುದನ್ನು ಯೋಚಿಸುತ್ತಿದ್ದಾಗ ಬಾಗಿಲು ಮುಚ್ಚಿತು. ಜೆರೇನಿಯಂ ಹೆಂಗಸು, “ನೀವು ಮುಂದಕ್ಕೆ ಹೋಗ್ಬೇಕಲ್ವಾ? ಆಕೆ ಹೇಳಿದ್ರಲ್ಲ,” ಎಂದಳು. “ಸ್ಟೈನ್‌ಫೆಲ್ಡ್‌ನಲ್ಲಿ ಐದು ನಿಮಿಷ ನಿಲ್ಲುತ್ತೆ. ಅಲ್ಲೇ ಹೋಗ್ತೀನಿ,” ಎಂದ. “ನಿಲ್ಲುತ್ತೆ, ನಿಲ್ಲುತ್ತೆ. ಆದ್ರೂ ನಂಗಾದ್ರೆ ಪುಕುಪುಕು ಅನ್ನುತ್ತಪ್ಪ. ಒಂದ್ಸಲ ನನ್ನ ಗಂಡ ಒಂದರಲ್ಲಿ, ನಾನು ಒಂದರಲ್ಲಿ. ಮನೆ ಬೀಗದಕೈ ಅವರ ಹತ್ರ. ಸಂಜೆ ತನಕ ಜಗಲಿ ಮೇಲೆ ಕೂತಿದ್ದೆ,” ಎಂದು ಅವಳು ನಕ್ಕಳು, ಮೊದಲ ಸಲ ಸ್ನೇಹದಿಂದ. ಗೆರ್ನೋಟ್ ಕೂಡ ನಕ್ಕ.

ಸ್ಟೈನ್‌ಫೆಲ್ಡ್. ರೈಲು ನಿಂತು, ನಡುವಿನಲ್ಲೆಲ್ಲೋ ಕಬ್ಬಿಣ ಕಳಚಿಕೊಳ್ಳುವ ಸದ್ದಾಯಿತು. ಸೀಟಿನ ಕೆಳಗೆ ಸಣ್ಣದೊಂದು ಅದುರು. ಮೇಲಿನ ಪೆಟ್ಟಿಗೆಯಿಂದ ದನಿ ಬಂತು: ಮುಂಭಾಗ ಲಿಂಡೆನಾವ್‌ಗೆ, ಹಿಂಭಾಗ ಮೂರ್‌ಬಾಖ್‌ಗೆ, ಪ್ರಯಾಣಿಕರು ತಾವು ಸರಿಯಾದ ಭಾಗದಲ್ಲಿದ್ದೇವೆಯೇ ನೋಡಿಕೊಳ್ಳಬೇಕು. ಅವನ ತಾಯಿನುಡಿ. ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ, ತೊಳೆದಿಟ್ಟ ಹಾಗೆ ಕೇಳಿಸಿತು. ಕೆಲವರು ಲಗುಬಗೆಯಿಂದ ಇಳಿದು ಮುಂದಕ್ಕೆ ನಡೆದರು. ಎರಡನೆಯ ಸಲ ಅದೇ ದನಿ. ಗೆರ್ನೋಟ್ ತನ್ನ ಕೈಗಳನ್ನು ನೋಡಿಕೊಂಡ. ಅವು ಗಾಲಿಯ ಟೈರನ್ನು ಹತ್ತು ಗಂಟೆ ಹತ್ತು ನಿಮಿಷದ ಮುಳ್ಳುಗಳ ಹಾಗೆ ಹಿಡಿದುಕೊಂಡಿದ್ದವು. ಏಳು ಎಂದು ಹೇಳಿದ, ಯಾರಿಗೆ ಹೇಳಿದನೋ. ಬಾಗಿಲ ಪಕ್ಕದ ಗುಂಡಿ ಹಸಿರಾಗಿ ಉರಿಯುತ್ತಿತ್ತು. ಮೂರನೆಯ ಸಲ ದನಿ ಬಂತು. ಜೆರೇನಿಯಂ ಹೆಂಗಸು ಏನೋ ಹೇಳಲು ಬಾಯಿ ತೆರೆದಳು. ಅವನ ಮುಖ ನೋಡಿ ಸಸಿಗಳ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು. ಕಿಟಕಿಯ ಆಚೆ ಹಳಿ ಬಲಕ್ಕೆ ಬಾಗುವಲ್ಲಿ ಮುಂಭಾಗ ತಾನೇ ತಾನಾಗಿ ಸರಿಯತೊಡಗಿತು. ಮೊದಲು ಹಳದಿ ಟೋಪಿಗಳು ಕಂಡವು. ಆಮೇಲೆ ಗಾಜಿಗೆ ಒರಗಿದ ಸೈಕಲ್ಲಿನ ಸೊಟ್ಟ ಹ್ಯಾಂಡಲು, ಪಟ್ಟಿ, ಗಾಲಿಯಿಲ್ಲದ ಮುಂದಿನ ಫೋರ್ಕಿನ ಎರಡು ತೋಳುಗಳು ಯಾವುದನ್ನೋ ಹಿಡಿಯಲು ಚಾಚಿದ ಹಾಗೆ. ಹಸಿರು ಆರಿತು. ಆಗ ಮತ್ತೆ ಅದೇ ಆಯಿತು. ಅದೇ ನಿರಾಳ. ಅವನಿಗೆ ಅದರ ಗುರುತು ಸಿಕ್ಕಿತು.

ಮೂರ್‌ಬಾಖ್ ಹಳಿ ಮುಗಿಯುವ ಊರು. ಜೆರೇನಿಯಂ ಹೆಂಗಸು ವಿದಾಯ ಹೇಳದೆ ಇಳಿದುಹೋದಳು. ಪ್ಲಾಟ್‌ಫಾರಂ ಕೊನೆಯ ತಡೆಗಟ್ಟೆಯ ಆಚೆ ಹುಲ್ಲು, ಹುಲ್ಲಿನಾಚೆ ಸುಣ್ಣ ಬಳಿದ ಗೋಡೆ. ಗೆರ್ನೋಟ್ ಬೆಂಚಿನ ಮೇಲೆ ಕೂತ. ನಾಲ್ಕೂ ಹದಿನೆಂಟಕ್ಕೆ ಫೋನ್ ಬಂತು.

“ಸೈಕಲ್ ಬಂತು,” ಎಂದಳು ಸಿಲ್ಕೆ. “ಹಳದಿ ಟೋಪಿ ಮುದುಕ್ರು ಇಳಿಸಿಕೊಟ್ರು. ನೀನು ಶೌಚಾಲಯದಲ್ಲಿರ್ಬೇಕು ಅಂತ ರೈಲು ತಡೆಯೋಕೆ ನೋಡಿದ್ರು. ಮುಂದಿನ ಗಾಲಿ ಇಲ್ಲ.”

“ನನ್ನ ಹತ್ರ ಇದೆ.”

“ನೀನೆಲ್ಲಿದೀಯ?”

“ಮೂರ್‌ಬಾಖ್. ರೈಲು ಎರಡಾಗೋದು... ಗೊತ್ತಾಗ್ಲಿಲ್ಲ. ನಿದ್ದೆ ಬಂದಿತ್ತು.”

ಫೋನಿನಾಚೆ ಎಲ್ಲೋ ಒಂದು ಟ್ರಾಲಿ ಹೋದ ಸದ್ದು.

“ಸ್ಟೈನ್‌ಫೆಲ್ಡ್‌ನಲ್ಲಿ ಮೂರು ಸಲ ಹೇಳ್ತಾರೆ, ಗೆರ್ನೋಟ್.”

“ಸಿಲ್ಕೆ, ನಾನು—”

“ಅವತ್ತು ಯೋಸ್ಟ್ ಪ್ಲಾಟ್‌ಫಾರಮ್ಮಿಂದ ನಂಗೆ ಫೋನ್ ಮಾಡಿದ್ದ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಯಾವುದೋ ಬಿಲ್ಲನ್ನು ಓದಿ ಹೇಳುವ ಹಾಗಿತ್ತು. “ಟಿಕೆಟ್ಟು ದೊಡ್ಡವನ ಜೇಬಲ್ಲಿ ಹೋಯ್ತು, ರೊಟ್ಟಿನೂ ಹೋಯ್ತು ಅಂದ. ಹೌದು, ನಗ್ತಾನೇ ಇದ್ದ. ಅದೊಂದು ನೀನು ನಿಜ ಹೇಳ್ದೆ. ಬಂದ್ಮೇಲೆ ಅವನಿಗೆ ಬೈಬೇಡ, ಪಾಪ, ಆಫೀಸು ಆಫೀಸು ಅಂತ ಸಾಯ್ತಾನೆ ಅಂದ. ನಾನು ಬೈಯ್ಲಿಲ್ಲ. ಹದಿಮೂರು ತಿಂಗ್ಳು ಬೈಯ್ಲಿಲ್ಲ. ಪ್ರತಿ ಸಲ ನೀನು ಬಂದಾಗ, ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ ನಿನ್ನ ಮುಂದೆ ಕೂತಿರ್ತಿದ್ದೆ. ನೀನು ಆಲೂಗಡ್ಡೆ ತಿಂದು ಎದ್ದು ಹೋಗ್ತಿದ್ದೆ.”

ಮೂರು ವಾಕ್ಯಗಳಲ್ಲಿ ಬಾಗಿಲಿನದೊಂದೇ ಉಳಿದಿತ್ತು. ಮಿಕ್ಕೆರಡನ್ನು ಅವಳೇ ಹೇಳಿಯಾಗಿತ್ತು.

“ಇನ್ನೊಂದು ಗಂಟೇಲಿ ಬರ್ತೀನಿ. ಗಾಲಿ ಹಾಕ್ಕೊಡ್ತೀನಿ,” ಎಂದ.

“ಬೇಡ. ಪಾರ್ಸೆಲ್ ಮಾಡು,” ಎಂದಳು ಸಿಲ್ಕೆ. “ಗಾಲಿನ ಪಾರ್ಸೆಲ್ ಮಾಡು. ನೀನು ಬರಬೇಡ. ಇವತ್ತೂ ಬೇಡ, ಆಮೇಲೂ ಬೇಡ.” ಸ್ವಲ್ಪ ತಡೆದು, “ಎತ್ಕೊಂಡೇ ಹೋಗ್ತೀನಿ ಮನೆಗೆ. ಭಾರ ಏನಿಲ್ಲ,” ಎಂದು ಇಟ್ಟುಬಿಟ್ಟಳು.

ಬಿಸಿಲು ತಡೆಗಟ್ಟೆಯ ಮೇಲಿಂದ ಇಳಿದು ಬೆಂಚಿನ ಕಾಲಿಗೆ ಬಂದಿತ್ತು. ಗೆರ್ನೋಟ್ ಗಾಲಿಯ ಅಚ್ಚನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಸುಮ್ಮನೆ ತಿರುಗಿಸಿದ. ಒಂದು ಸುತ್ತಿಗೆ ಒಂದು ಸಲ, ಅದೇ ಜಾಗದಲ್ಲಿ, ರಿಮ್ಮು ಅತ್ತ ಬಳುಕಿ ಇತ್ತ ಬರುತ್ತಿತ್ತು. ರೈಲು ಅದೇ ಹಳಿಯಲ್ಲಿ ವಾಪಸು ಹೊರಡಲು ಸಿದ್ಧವಾಗುತ್ತಿತ್ತು. ಟಿಸಿ ಹೆಂಗಸು ಕಾಗದದ ಲೋಟದಲ್ಲಿ ಕಾಫಿ ಹಿಡಿದುಕೊಂಡು ಅತ್ತ ನಡೆಯುತ್ತಿದ್ದವಳು ಅವನನ್ನು ನೋಡಿ ನಿಂತಳು.

“ಅಯ್ಯೋ ದೇವ್ರೇ, ನೀವಾ? ಅಷ್ಟು ಹೇಳಿದ್ನಲ್ಲ! ನಿಮ್ಮವರು ಅತ್ಲಾಗೆ ಹೋದ್ರು ತಾನೆ?”

“ಹೋದ.”

“ಟಿಕೆಟ್ಟು?”

ಗೆರ್ನೋಟ್ ಎದೆಯ ಜೇಬು ಮುಟ್ಟಿ ತೋರಿಸಿದ.

“ಪಾಪ ಕಣ್ರೀ. ಅವರೀಗ ಹೇಗೆ ಬರ್ತಾರೆ?”

ಅವನು ಅವಳನ್ನೇ ನೋಡಿದ. ನಾಲಿಗೆಯ ಮೇಲೆ ಆಗಲೇ ಸಿದ್ಧವಾಗಿ, ಬೆಚ್ಚಗೆ, ಸವೆದು ನುಣುಪಾಗಿದ್ದ ಮಾತು ಅದೊಂದೇ.

“ಅವನಿಗೆ ಸೈಕಲ್ ಇದೆ,” ಎಂದ. “ರಸ್ತೇಲಿ ಬರ್ತೀನಿ ಅಂದ.”

ಟಿಸಿ ಹೆಂಗಸು ಕಾಫಿ ಹೀರುತ್ತ ಅವನ ಕೈಯಲ್ಲಿ ಇನ್ನೂ ತಿರುಗುತ್ತಿದ್ದ ಗಾಲಿಯನ್ನು ನೋಡಿದಳು.

“ಇದಿಲ್ಲದೇನಾ?” ಎಂದಳು.